ಸ್ಪಷ್ಟನೆ: ಬಿ.ಕಾಂ. ಓದಲು ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ

"ಕಾಲೇಜು ಮಕ್ಕಳಿಗೆ ಐ7 ಆಗಲಿ, ಗ್ರಾಫಿಕ್ಸ್ ಕಾರ್ಡ್ ಆಗಲಿ ಇಲ್ಲದ ಲ್ಯಾಪ್‌ಟಾಪ್ ಕೊಡಿಸಿದರೆ ದುಡ್ಡು ದಂಡ" ಎಂಬ ಸಂದೇಶ ಶಿರಸಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ. ಇದನ್ನು ನಂಬಿ ಯಾರೂ ಸಾಲ ಮಾಡಬೇಡಿ. ಐ3, ಐ7 ಅಂದರೆ ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳು, ಅಂದರೆ ಕಂಪ್ಯೂಟರಿನ ಮಿದುಳಿನಂಥ ಚಿಪ್‌ಗಳು.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ (ಚಿತ್ರ, ವಿಡಿಯೊ ಕೆಲಸಕ್ಕೆಂದೇ ಇರುವ ಭಾಗ) ಬೇಕಾಗುವುದು ದೊಡ್ಡ ಗೇಮ್, ಭಾರಿ ವಿಡಿಯೊ ಎಡಿಟಿಂಗ್, ತ್ರೀಡಿ ಡಿಸೈನ್ ಮಾಡುವವರಿಗೆ. ನೋಟ್ಸ್ ಟೈಪ್ ಮಾಡಲು, ಟ್ಯಾಲಿ ಕಲಿಯಲು, ಆನ್‌ಲೈನ್ ಕ್ಲಾಸ್ ನೋಡಲು, ಮನೆಯ ಅಡಿಕೆ ಲೆಕ್ಕ ಇಡಲು ಈಗಿನ ಐ3, 8 ಜಿಬಿ ರ‍್ಯಾಮ್ ಸಾಕು. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ (ಫೈಲ್ ಇಡುವ, ಹಾರ್ಡ್‌ಡಿಸ್ಕ್‌ಗಿಂತ ವೇಗದ ಭಾಗ) ಇರಲಿ, ದಿನದ ಕೆಲಸದಲ್ಲಿ ವೇಗ ಗೊತ್ತಾಗುವುದೇ ಅದರಿಂದ.

ಐ7 ಅಂದಮಾತ್ರಕ್ಕೆ ವೇಗ ಜಾಸ್ತಿ ಅಂತಲೂ ಅಲ್ಲ. ಹತ್ತು ವರ್ಷ ಹಳೆಯ ಐ7ಗಿಂತ ಇತ್ತೀಚಿನ ಐ3 ಎಷ್ಟೋ ಕೆಲಸದಲ್ಲಿ ಮುಂದಿರುತ್ತದೆ. ಹಾಗಾಗಿ ಅಂಗಡಿಯಲ್ಲಿ "ಇದು ಎಷ್ಟನೇ ಜನರೇಶನ್?" ಅಂತ, ಅಂದರೆ ಪ್ರೊಸೆಸರ್ ಎಷ್ಟು ಹೊಸ ತಲೆಮಾರಿನದು ಅಂತ ಕೇಳಲೇಬೇಕು. ಸೆಕೆಂಡ್ ಹ್ಯಾಂಡ್ ಆದರಂತೂ ಇನ್ನೂ ಮುಖ್ಯ. ವಿಂಡೋಸ್ 10ರ ಮಾಮೂಲಿ ಬೆಂಬಲ (ಸುರಕ್ಷತಾ ಅಪ್‌ಡೇಟ್ ಕೊಡುವುದು) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲು ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು.

ಉಳಿದ ದುಡ್ಡು? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುತ್ತಲೇ ಇರುತ್ತದೆ ಅಲ್ವಾ, ಒಳ್ಳೆಯ ಬ್ಯಾಟರಿ ಇರುವ ಲ್ಯಾಪ್‌ಟಾಪ್‌ಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ತಗೊಳ್ಳಿ.