ಎಲೆಕ್ಟ್ರಿಕ್ ಕಾರಾ? ಮೊದಲು ಕರೆಂಟ್ ಬಿಲ್ ತೆಗೆದು ನೋಡಿ

ಎಲೆಕ್ಟ್ರಿಕ್ ಕಾರು ತಗೊಳ್ಳೋಣ್ವಾ ಬೇಡ್ವಾ ಅನ್ನೋ ಮಾತು ಬಂದ ಕೂಡಲೇ ಎಲ್ಲರ ಬಾಯಲ್ಲೂ ಎರಡೇ ಪ್ರಶ್ನೆ. ಫುಲ್ ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತೆ? ಬ್ಯಾಟರಿ ಹೋದ್ರೆ ಎಷ್ಟು ಲಕ್ಷ? ಎರಡಕ್ಕೂ ಮುಂದೆ ಬರ್ತೀನಿ. ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ. ನೀವು ಗಾಡಿ ನಿಲ್ಲಿಸೋ ಜಾಗದಿಂದ ನಿಮ್ಮ ಮೀಟರ್‌ವರೆಗೆ ಒಂದು ವೈರ್ ಎಳೆಯೋಕೆ ಆಗುತ್ತಾ? ಆ ಮೀಟರ್‌ಗೆ ಬಿಲ್ ಯಾವ ಲೆಕ್ಕದಲ್ಲಿ ಬರುತ್ತೆ? ಬೆಂಗಳೂರಲ್ಲಿ ಈ ಕಾರು ಲಾಭವೋ ತಲೆನೋವೋ ಅನ್ನೋದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನ ಆಗಿಬಿಡುತ್ತೆ.

ಲೆಕ್ಕ ಹಾಕೋಣ. ನೆಕ್ಸಾನ್, ವಿಂಡ್ಸರ್, ಕ್ರೆಟಾ ಎಲೆಕ್ಟ್ರಿಕ್ ಇಷ್ಟು ಗಾತ್ರದ ಗಾಡಿಗಳು ನಮ್ಮೂರ ಟ್ರಾಫಿಕ್‌ನಲ್ಲಿ ಬ್ಯಾಟರಿಯ ಒಂದು ಯೂನಿಟ್‌ಗೆ ಸುಮಾರು 7 ಕಿ.ಮೀ. ಓಡುತ್ವೆ. ಆದ್ರೆ ಸಾಕೆಟ್‌ನಿಂದ ಬ್ಯಾಟರಿಗೆ ಹೋಗೋ ದಾರಿಯಲ್ಲಿ ನೂರಕ್ಕೆ ಹತ್ತು ಹನ್ನೆರಡು ಭಾಗ ಕರೆಂಟ್ ಬಿಸಿಯಾಗಿ ಹೋಗುತ್ತೆ. ಹಾಗಾಗಿ ಮೀಟರ್‌ನಲ್ಲಿ ತಿರುಗೋ ಒಂದು ಯೂನಿಟ್‌ಗೆ 6.2 ಕಿ.ಮೀ. ಹಿಡಿಯಿರಿ. ತಿಂಗಳಿಗೆ 1000 ಕಿ.ಮೀ. ಓಡಿಸೋರಿಗೆ ಸುಮಾರು 160 ಯೂನಿಟ್. 2025-26ರ ಬೆಸ್ಕಾಂ ಮನೆ ದರ ಯೂನಿಟ್‌ಗೆ 5.80 ರೂಪಾಯಿ, ಪಿಂಚಣಿ ಸರ್ಚಾರ್ಜ್ 36 ಪೈಸೆ, ಶೇ 9ರ ತೆರಿಗೆ ಸೇರಿ 6.68 ಆಯ್ತು. ಕಿಲೋಮೀಟರ್‌ಗೆ 1.07 ರೂಪಾಯಿ. ಅದೇ ಗಾತ್ರದ ಪೆಟ್ರೋಲ್ ಆಟೋಮ್ಯಾಟಿಕ್ ಲೀಟರ್‌ಗೆ 12 ಕೊಟ್ಟರೆ, ಲೀಟರ್‌ಗೆ 103 ಹಿಡಿದರೆ, ಕಿಲೋಮೀಟರ್‌ಗೆ 8.60. ಯೂಟ್ಯೂಬ್‌ನೋರು ಇಲ್ಲಿಗೆ ನಿಲ್ಲಿಸಿ ಸಬ್‌ಸ್ಕ್ರೈಬ್ ಮಾಡಿ ಅಂತಾರೆ.

ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಅಂತ ಒಂದಿದೆ, ಅದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ 10, ಅಷ್ಟು ಉಚಿತ. ಅದನ್ನ ದಾಟಿ 200ರ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ ನಿಮ್ಮದೇ. ಮನೆಗೆ 110 ಯೂನಿಟ್ ಬಳಸಿ ಸೊನ್ನೆ ಬಿಲ್ ನೋಡ್ತಿದ್ದ ಸಂಸಾರಕ್ಕೆ ಕಾರಿನ 160 ಸೇರಿದರೆ 270. ಈಗ 270 ಯೂನಿಟ್‌ಗೂ ದುಡ್ಡು, ಜೊತೆಗೆ ಮನೆಗೆ ಮಂಜೂರಾದ 3 ಕಿಲೋವ್ಯಾಟ್ ಲೋಡ್‌ಗೆ ಕಿಲೋವ್ಯಾಟ್‌ಗೆ 145ರಂತೆ 435 ಫಿಕ್ಸೆಡ್ ಚಾರ್ಜ್. ಒಟ್ಟು ಸುಮಾರು 2,240 ರೂಪಾಯಿ. ಕಾರು ಬರದೇ ಇದ್ದಿದ್ದರೆ ಈ ದುಡ್ಡು ಹೋಗ್ತಿರಲಿಲ್ಲ, ಹಾಗಾಗಿ ಇದು ಪೂರ್ತಿ ಕಾರಿನ ಖರ್ಚೇ. ಕಿಲೋಮೀಟರ್‌ಗೆ 1.07 ಅಲ್ಲ, 2.24. ಈಗಲೂ ಪೆಟ್ರೋಲ್‌ನ ಕಾಲು ಭಾಗವೇ, ಒಪ್ಪೋಣ. ಆದರೆ ಹೇಳಿದ್ದರ ಎರಡರಷ್ಟು.

ತಿಂಗಳಿಗೆ 500 ಕಿ.ಮೀ. ಮಾತ್ರ ಓಡಿಸೋರು 190ಕ್ಕೇ ನಿಲ್ತಾರೆ, ಬರೀ 80 ಯೂನಿಟ್‌ಗೆ 534 ರೂಪಾಯಿ ಕಟ್ಟಿ ಬಚಾವ್. ತಮಾಷೆ ಏನಂದ್ರೆ, ಅಷ್ಟು ಕಡಿಮೆ ಓಡಿಸೋರಿಗೆ ಈ ಕಾರಿಗೆ ಕೊಟ್ಟ ಹೆಚ್ಚಿನ ಬೆಲೆ ವಾಪಸ್ ಬರೋದೇ ನಿಧಾನ. ಪೆಟ್ರೋಲ್ ಗಾಡಿಗಿಂತ ಆನ್‌ರೋಡ್ 3 ಲಕ್ಷ ಜಾಸ್ತಿ ಅಂದುಕೊಳ್ಳಿ. 1000 ಕಿ.ಮೀ. ಓಡಿಸೋರಿಗೆ, ಗೃಹಜ್ಯೋತಿ ಕಳಕೊಂಡರೂ, ನಾಲ್ಕು ವರ್ಷದಲ್ಲಿ ಸರಿಹೋಗುತ್ತೆ. 500 ಓಡಿಸೋರಿಗೆ ಆರೂವರೆ ವರ್ಷದ ಮೇಲೆ. ಸರ್ವಿಸ್ ಖರ್ಚು ಕಡಿಮೆ, ಆದರೆ ಇನ್ಶೂರೆನ್ಸ್ ಜಾಸ್ತಿ. ಅವೆರಡನ್ನೂ ವಜಾ ಹಾಕಿಬಿಡಿ.

ಗೃಹಜ್ಯೋತಿ ಉಳಿಸಿಕೊಳ್ಳೋ ದಾರಿ ಅಂದ್ರೆ ಕಾರಿಗೇ ಬೇರೆ ಮೀಟರ್. ಅದರ ದರ ಯೂನಿಟ್‌ಗೆ ನಾಲ್ಕೂವರೆ ರೂಪಾಯಿ ಆಸುಪಾಸು, ಮನೆ ದರಕ್ಕಿಂತ ಕಡಿಮೆ, ಫಿಕ್ಸೆಡ್ ಚಾರ್ಜ್ ಬೇರೆ. ಅಪಾರ್ಟ್‌ಮೆಂಟ್‌ನಲ್ಲಿರೋರಿಗೂ ಕಾರು ಚಾರ್ಜಿಂಗ್‌ಗೆ ಪ್ರತ್ಯೇಕ ಕನೆಕ್ಷನ್ ಕೇಳೋ ಹಕ್ಕನ್ನ ಕೇಂದ್ರದ ಗ್ರಾಹಕರ ಹಕ್ಕುಗಳ ನಿಯಮದ 2024ರ ತಿದ್ದುಪಡಿ ಕೊಟ್ಟಿದೆ. ಅಸೋಸಿಯೇಷನ್ ಮೀಟಿಂಗ್‌ನಲ್ಲಿ 'ಇದಕ್ಕೆಲ್ಲ ಪರ್ಮಿಷನ್ ಇಲ್ಲ' ಅಂತ ಯಾರಾದರೂ ಎದ್ದು ನಿಂತರೆ ಅದರ ಪ್ರಿಂಟ್ ತೆಗೆದು ಮೇಜಿನ ಮೇಲಿಡಿ. ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್ ಮೂಲಕವೇ ಅರ್ಜಿ ಹೋಗಬೇಕು, ಹೊಸ ಕನೆಕ್ಷನ್‌ನ ಸ್ಮಾರ್ಟ್ ಮೀಟರ್ ದುಡ್ಡು ನೀವೇ ಕೊಡಬೇಕು. ಕೊಕ್ಕೆ ಇರೋದು ಓಸಿಯಲ್ಲಿ, ಅಂದ್ರೆ ಕಟ್ಟಡಕ್ಕೆ ಪಾಲಿಕೆ ಕೊಡೋ ಆಕ್ಯುಪೆನ್ಸಿ ಸರ್ಟಿಫಿಕೇಟ್‌ನಲ್ಲಿ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಓಸಿ ಇಲ್ಲದ ಕಟ್ಟಡಗಳಿಗೆ ಹೊಸ ಕನೆಕ್ಷನ್ ಸಿಗೋದೇ ಕಷ್ಟ ಆಗಿದೆ, ಮತ್ತೆ ಬೆಂಗಳೂರಲ್ಲಿ ಓಸಿ ಇಲ್ಲದ ಕಟ್ಟಡ ಎಷ್ಟಿವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹಾಗಾಗಿ ಬುಕಿಂಗ್ ಅಡ್ವಾನ್ಸ್ ಕೊಡೋ ಮೊದಲು ನಿಮ್ಮ ಬೆಸ್ಕಾಂ ಸಬ್‌ಡಿವಿಷನ್ ಆಫೀಸಿಗೆ ಒಂದು ಸಲ ಹೋಗಿ ಬನ್ನಿ.

ಇನ್ನು ಚಾರ್ಜರ್. ಶೋರೂಮಿನೋರು ಗೋಡೆಗೆ ಕೂರಿಸೋ 7.2 ಕಿಲೋವ್ಯಾಟ್ ಚಾರ್ಜರ್, ಅಂದ್ರೆ ವಾಲ್‌ಬಾಕ್ಸ್, 'ಫ್ರೀ ಸರ್' ಅಂತಾರೆ. ಹೆಚ್ಚಿನ ಮನೆಗಳಿಗೆ ಅದು ಬೇಕಾಗಿಯೇ ಇಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಸ್ಯಾಂಕ್ಷನ್ ಲೋಡ್ 3ರಿಂದ 8 ಕಿಲೋವ್ಯಾಟ್‌ಗೆ ಏರಿಸಬೇಕು, ಅಂದ್ರೆ ತಿಂಗಳಿಗೆ 725 ರೂಪಾಯಿ ಹೆಚ್ಚುವರಿ ಫಿಕ್ಸೆಡ್ ಚಾರ್ಜ್, ವರ್ಷಕ್ಕೆ 8,700. ಕಾರು ಓಡಿದರೂ ಓಡದಿದ್ದರೂ. ಮನೆ ಸಿಂಗಲ್ ಫೇಸ್ ಆಗಿದ್ದರೆ ತ್ರೀ ಫೇಸ್ ಮಾಡಿಸೋ ಖರ್ಚು ಬೇರೆ. ಬರೀ 15 ಆಂಪ್ ಸಾಕೆಟ್‌ನಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಹಾಕಿದರೆ 23 ಯೂನಿಟ್ ಆಸುಪಾಸು ಹೋಗುತ್ತೆ, 140 ಕಿ.ಮೀ. ಸಿಗುತ್ತೆ. ಮಕ್ಕಳ ಸ್ಕೂಲು, ಆಫೀಸು, ಸಂಜೆ ತರಕಾರಿ ಎಲ್ಲ ಸೇರಿ ದಿನಕ್ಕೆ 140 ಓಡಿಸೋ ಸಂಸಾರ ಎಲ್ಲಿದೆ? ಗೀಸರ್ ಹಾಕೋ ಹೊತ್ತಿಗೆ ಕಾರು ಚಾರ್ಜ್ ಆಗ್ತಿರಬಾರದು, ಅಷ್ಟೇ. 3 ಕಿಲೋವ್ಯಾಟ್ ಲೋಡ್‌ಗೆ ಎರಡೂ ಒಟ್ಟಿಗೆ ತಡೆಯಲ್ಲ. ಕಾರಿನ ಸ್ಕ್ರೀನ್‌ನಲ್ಲೋ ಆ್ಯಪ್‌ನಲ್ಲೋ ಟೈಮ್ ಹೊಂದಿಸಿಡಿ.

ಆದರೆ '15 ಆಂಪ್ ಸಾಕು' ಅಂದ ಮಾತ್ರಕ್ಕೆ ಈಗಾಗಲೇ ಪಾರ್ಕಿಂಗ್‌ನಲ್ಲಿರೋ ಹಳೇ ಸಾಕೆಟ್‌ಗೆ ಚುಚ್ಚಿಬಿಡಬೇಡಿ. ಮನೆ ಸಾಕೆಟ್‌ಗಳು ಇಸ್ತ್ರಿಪೆಟ್ಟಿಗೆ, ಗೀಸರ್‌ನ ಇಪ್ಪತ್ತು ನಿಮಿಷದ ಕೆಲಸಕ್ಕೆ ಇರೋವು. ಇಲ್ಲಿ 13-14 ಆಂಪ್ ಎಂಟು ಗಂಟೆ ಒಂದೇ ಸಮ ಎಳೆಯುತ್ತೆ. ಒಳಗಿನ ಲೋಹದ ಪಟ್ಟಿ ಸ್ವಲ್ಪ ಸಡಿಲ ಇದ್ದರೂ ಅಲ್ಲಿ ಬಿಸಿ ಹುಟ್ಟುತ್ತೆ, ಬಿಸಿಗೆ ಇನ್ನಷ್ಟು ಸಡಿಲ ಆಗುತ್ತೆ, ಎರಡು ತಿಂಗಳಿಗೆ ಪಿನ್ ಸುತ್ತ ಕಂದು ಬಣ್ಣ, ಆಮೇಲೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಮೀಟರ್‌ನಿಂದ ನೇರ, ಎಲ್ಲೂ ಜಾಯಿಂಟ್ ಇಲ್ಲದೆ, 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸಿ. ಲೋಡ್ ಜಾಸ್ತಿ ಆದರೆ ಟ್ರಿಪ್ ಆಗೋ 20 ಆಂಪ್ ಎಂಸಿಬಿ, ಕರೆಂಟ್ ಲೀಕ್ ಆದರೆ ಕಟ್ ಮಾಡೋ 30 ಮಿಲಿಆಂಪ್‌ನ ಟೈಪ್ ಎ ಆರ್‌ಸಿಸಿಬಿ, ಕೊನೆಗೆ ಇಂಡಸ್ಟ್ರಿಯಲ್ 16 ಆಂಪ್ ಸಾಕೆಟ್. ವಾಲ್‌ಬಾಕ್ಸೇ ಬೇಕು ಅಂದರೆ ವೈರ್ ಕನಿಷ್ಠ 6, ಬೇಸ್‌ಮೆಂಟ್‌ವರೆಗೆ ನಲವತ್ತು ಐವತ್ತು ಮೀಟರ್ ಓಟ ಇದ್ದರೆ 10 ಸ್ಕ್ವೇರ್ ಎಂಎಂ; ಎಂಸಿಬಿ 40 ಆಂಪ್. ಎಕ್ಸ್‌ಟೆನ್ಷನ್ ಬಾಕ್ಸ್ ಯಾವ ಕಾರಣಕ್ಕೂ ಬೇಡ. ಮೊದಲ ದಿನ ಚಾರ್ಜ್‌ಗೆ ಹಾಕಿ ಒಂದು ಗಂಟೆ ಆದ ಮೇಲೆ ಪ್ಲಗ್‌ನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡೋಕೆ ಆಗದಿದ್ದರೆ ಎಂಸಿಬಿ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನ ಕರೆಯಿರಿ.

ಅತಿ ಹೆಚ್ಚು ಜಗಳ ಆಗೋದು ಅರ್ಥಿಂಗ್ ವಿಷಯಕ್ಕೆ. ಅರ್ಥ್ ಸರಿಯಿಲ್ಲದಿದ್ದರೆ ಕಾರು ಚಾರ್ಜ್ ತಗೊಳ್ಳೋದೇ ಇಲ್ಲ, ಚಾರ್ಜರ್ ಮೇಲೆ ಕೆಂಪು ಲೈಟ್ ಮಿನುಗುತ್ತೆ. ಸರ್ವಿಸ್ ಸೆಂಟರ್‌ನೋರು ಕಾರು ಚೆನ್ನಾಗಿದೆ ಅಂತಾರೆ, ಎಲೆಕ್ಟ್ರಿಷಿಯನ್ ಮನೆ ಚೆನ್ನಾಗಿದೆ ಅಂತಾನೆ. ಮಲ್ಲೇಶ್ವರ, ಬಸವನಗುಡಿಯ ಹಳೇ ಮನೆಗಳಲ್ಲಿ ಉಪ್ಪು, ಇದ್ದಿಲು ಹಾಕಿದ ಗುಂಡಿ ಮಾರ್ಚ್ ಹೊತ್ತಿಗೆ ಒಣಗಿ ಕೂತಿರುತ್ತೆ. ಮಲ್ಟಿಮೀಟರ್ ಹಿಡಿದು ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆಯೋಕೆ ಹೇಳಿ, ಎರಡು ಮೂರು ವೋಲ್ಟ್ ಒಳಗಿರಬೇಕು. ಅದಕ್ಕಿಂತ ಜಾಸ್ತಿ ಬಂದರೆ ಕಾರಿಗೇ ಬೇರೆ ಅರ್ಥಿಂಗ್ ಗುಂಡಿ ತೆಗೆಸಿ.

ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸೋರಿಗೆ ನನ್ನ ಉತ್ತರ ಸದ್ಯಕ್ಕೆ ಬೇಡ. ಫುಟ್‌ಪಾತ್ ಮೇಲೆ ವೈರ್ ಎಳೆಯೋದು ತಪ್ಪು, ಅಪಾಯ ಕೂಡ. ಪೂರ್ತಿ ಪಬ್ಲಿಕ್ ಚಾರ್ಜರ್ ನಂಬಿದರೆ ಜಿಎಸ್‌ಟಿ ಸೇರಿ ಯೂನಿಟ್‌ಗೆ 20-25 ರೂಪಾಯಿ, ಅಂದ್ರೆ ಕಿಲೋಮೀಟರ್‌ಗೆ ಮೂರರಿಂದ ನಾಲ್ಕು ರೂಪಾಯಿ, ಜೊತೆಗೆ ವಾರಕ್ಕೊಮ್ಮೆ ಒಂದು ಗಂಟೆ ಯಾವುದೋ ಮಾಲ್‌ನ ಬೇಸ್‌ಮೆಂಟ್‌ನಲ್ಲಿ ಕಾಯೋದು.

ಬೆಲೆ ವಿಷಯಕ್ಕೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಎಲೆಕ್ಟ್ರಿಕ್‌ಗೆ 2019ರಿಂದಲೂ ಶೇ 5. ಹಾಗಾಗಿ ನಾಲ್ಕು ಮೀಟರ್ ಒಳಗಿನ ಗಾಡಿಗಳಲ್ಲಿ ಬೆಲೆಯ ಅಂತರ ಮತ್ತೆ ಹಿಗ್ಗಿದೆ, ಎರಡು ವರ್ಷದ ಹಿಂದಿನ ವಿಡಿಯೋ ನೋಡಿ ತೀರ್ಮಾನ ಮಾಡಬೇಡಿ. ರೋಡ್ ಟ್ಯಾಕ್ಸ್‌ನಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ 2024ರಿಂದ ಶೇ 10 ಇದೆ. ಅದಕ್ಕಿಂತ ಕೆಳಗಿನವಕ್ಕೆ ಕೊಟೇಶನ್‌ನಲ್ಲಿ ಲೈಫ್ ಟ್ಯಾಕ್ಸ್ ಅನ್ನೋ ಸಾಲನ್ನೇ ಬೆರಳಿಟ್ಟು ಓದಿ. ಬ್ಯಾಟರಿ ಬಾಡಿಗೆ ಸ್ಕೀಮ್ ಬಗ್ಗೆ ಒಂದೇ ಮಾತು: 2024ರಲ್ಲಿ ವಿಂಡ್ಸರ್ ಜೊತೆ ಬಂದಾಗ ಅದು ಕಿಲೋಮೀಟರ್‌ಗೆ 3.50 ಇತ್ತು. ಅದಕ್ಕೆ ಕರೆಂಟ್ ಖರ್ಚು ಸೇರಿಸಿ, ಪೆಟ್ರೋಲ್ ಲೆಕ್ಕದ ಪಕ್ಕ ಇಟ್ಟು ನೋಡಿ. ನನ್ನ ಕಣ್ಣಿಗೆ ಅದು ಸಾಲವೇ.

ಈಗ ರೇಂಜ್. 45 ಯೂನಿಟ್ ಬ್ಯಾಟರಿಯ ನೆಕ್ಸಾನ್‌ಗೆ ಕಾಗದದ ಮೇಲಿನ ಸಂಖ್ಯೆ 489 ಕಿ.ಮೀ. ಅದನ್ನ ಮರೆತು ಬ್ಯಾಟರಿ ಯೂನಿಟ್‌ನ ಊರೊಳಗೆ 7ರಿಂದ, ಹೈವೇಯಲ್ಲಿ 100ರ ವೇಗಕ್ಕೆ 6ರಿಂದ ಗುಣಿಸಿ. ಅಂದರೆ 315 ಮತ್ತು 270. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಬ್ಯಾಟರಿ ಖಾಲಿ ಆಗುತ್ತೆ ಅನ್ನೋ ಭಯ ಬಿಡಿ. ನಿಂತ ಕಾರಿನಲ್ಲಿ ಎಸಿ ಗಂಟೆಗೆ ಒಂದು ಯೂನಿಟ್ ಆಸುಪಾಸು ತಿನ್ನುತ್ತೆ, ಏಳು ಕಿಲೋಮೀಟರ್ ಲೆಕ್ಕ.

ಮಂಗಳೂರು ದಾರಿ ಬೇರೆಯೇ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಜನ, ಲಗೇಜು ಸೇರಿ ಎರಡು ಟನ್ ಗಾಡಿಯನ್ನ ಅಷ್ಟು ಮೇಲೆತ್ತೋಕೇ ಸುಮಾರು 5 ಯೂನಿಟ್ ಬೇಕು. ಹಾಗಾಗಿ ಒಂದೇ 350 ಕಿ.ಮೀ. ಆದರೂ ಬರುವಾಗ ಮೂವತ್ತು ಕಿಲೋಮೀಟರ್‌ನಷ್ಟು ರೇಂಜ್ ಕಮ್ಮಿ. ಹೋಗುವಾಗ ಸಕಲೇಶಪುರದಲ್ಲಿ 100ರವರೆಗೆ ತುಂಬಿಸಬೇಡಿ, 80 ಸಾಕು. ಬ್ಯಾಟರಿ ಭರ್ತಿ ಇದ್ದರೆ ಶಿರಾಡಿ ಇಳಿಯುವಾಗ ರೀಜೆನ್ (ವೇಗ ತಗ್ಗುವಾಗ ಕರೆಂಟ್ ವಾಪಸ್ ಬ್ಯಾಟರಿಗೆ ತುಂಬೋ ವ್ಯವಸ್ಥೆ) ಕೆಲಸ ಮಾಡಲ್ಲ, ಪೂರ್ತಿ ಭಾರ ಬ್ರೇಕ್ ಪ್ಯಾಡ್ ಮೇಲೆ. ಬರುವಾಗ ಘಾಟಿ ಹತ್ತೋ ಮೊದಲೇ ಕೆಳಗೆ ಚಾರ್ಜ್ ಮಾಡಿಕೊಳ್ಳಿ. 60 ಕಿಲೋವ್ಯಾಟ್ ಅಂತ ಬೋರ್ಡ್ ಇರೋ ಎಷ್ಟೋ ಚಾರ್ಜರ್‌ಗಳಲ್ಲಿ ಎರಡು ಗನ್, ಅಂದ್ರೆ ಕಾರಿಗೆ ಚುಚ್ಚೋ ಪ್ಲಗ್, ಇರುತ್ತೆ. ಪಕ್ಕದಲ್ಲಿ ಇನ್ನೊಂದು ಕಾರು ಬಂದರೆ ತಲಾ 30. ದಸರಾ ರಜೆಯಲ್ಲಿ ಆ 'ಇನ್ನೊಂದು ಕಾರು' ಬಂದೇ ಬರುತ್ತೆ.

ಬ್ಯಾಟರಿ ಹೋಗುತ್ತೆ ಅನ್ನೋ ಭಯಕ್ಕೆ ವಾರಂಟಿ ಕಾಗದವೇ ಉತ್ತರ. 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಸಾಮಾನ್ಯ. ಲೈಫ್‌ಟೈಮ್ ಅಂದಿದ್ದರೆ ಅದು ಮೊದಲ ಮಾಲೀಕರಿಗೆ ಮಾತ್ರವಾ, ಮಾರಿದರೆ ಎಷ್ಟಕ್ಕೆ ಇಳಿಯುತ್ತೆ ಅಂತ ಓದಿ. ಮರುಮಾರಾಟದ ಬೆಲೆ ಅದರ ಮೇಲೇ ನಿಂತಿದೆ. ಬ್ಯಾಟರಿಯಲ್ಲಿ ಮುಖ್ಯವಾಗಿ ಎಲ್‌ಎಫ್‌ಪಿ, ಎನ್‌ಎಂಸಿ ಅಂತ ಎರಡು ಬಗೆ. ಎಲ್‌ಎಫ್‌ಪಿ ಬ್ಯಾಟರಿಯನ್ನ ಆಗಾಗ 100ಕ್ಕೆ ತುಂಬಿಸಬೇಕು, ಇಲ್ಲದಿದ್ದರೆ ಸ್ಕ್ರೀನ್ ತೋರಿಸೋ ಪರ್ಸೆಂಟೇಜೇ ತಪ್ಪಾಗ್ತಾ ಹೋಗುತ್ತೆ. ಎನ್‌ಎಂಸಿ ಆದರೆ ದಿನನಿತ್ಯ 80ಕ್ಕೆ ನಿಲ್ಲಿಸಿ. ನಿಜಕ್ಕೂ ಕಾರು ಸ್ಟಾರ್ಟ್ ಆಗದೇ ಕೈಕೊಡೋದು ಹೆಚ್ಚಾಗಿ ದೊಡ್ಡ ಬ್ಯಾಟರಿಯಿಂದಲ್ಲ, ಬಾನೆಟ್ ಕೆಳಗಿನ ಚಿಕ್ಕ 12 ವೋಲ್ಟ್ ಬ್ಯಾಟರಿಯಿಂದ. ಅದು ಸತ್ತರೆ ದೊಡ್ಡದು 90 ಪರ್ಸೆಂಟ್ ಇದ್ದರೂ ಕಾರು ಏಳಲ್ಲ. ಮೂರು ವಾರ ಊರಿಗೆ ಹೋಗೋರು ನೆನಪಿಡಿ.

2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟ್‌ಗಳಿಗೆ ನೀರು ನುಗ್ಗಿದ್ದು ನೋಡಿದವರು ಇನ್ಶೂರೆನ್ಸ್‌ನಲ್ಲಿ ಬ್ಯಾಟರಿ ಕವರ್ ಬಿಡಬಾರದು. ಬ್ಯಾಟರಿಯ ನೀರು ತಡೆಯೋ ರೇಟಿಂಗ್ ಐಪಿ67 ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ, ಇಡೀ ರಾತ್ರಿ ಅಲ್ಲ. ನಮ್ಮ ಹಂಪ್‌ಗಳಿಗೆ ಬ್ಯಾಟರಿ ತಳ ಉಜ್ಜುತ್ತಾ ಅನ್ನೋದನ್ನ ಐದು ಜನ ಕೂತೇ ಟೆಸ್ಟ್ ಡ್ರೈವ್ ಮಾಡಿ ನೋಡಬೇಕು. ಆಗ ಅಪ್ಪ ಅಮ್ಮನ್ನ ಹಿಂದೆ ಅರ್ಧ ಗಂಟೆ ಕೂರಿಸಿ. ಬ್ಯಾಟರಿ ನೆಲದಡಿ ಇರೋದರಿಂದ ಕೆಲವು ಕಾರುಗಳಲ್ಲಿ ಹಿಂದಿನ ಫ್ಲೋರ್ ಎತ್ತರ, ಮಂಡಿ ಮೇಲೆದ್ದು ತೊಡೆಗೆ ಆಸರೆ ಸಿಗಲ್ಲ. ಮೊಣಕಾಲು ನೋವಿರೋರಿಗೆ ಮೈಸೂರು ತಲುಪೋದರೊಳಗೆ ಅದು ಗೊತ್ತಾಗುತ್ತೆ.

ಇಷ್ಟೆಲ್ಲ ನೋಡಿ ತಗೊಳ್ಳೋದೇ ಅಂತಾದರೆ, ರಿಜಿಸ್ಟ್ರೇಷನ್‌ಗೆ ಕಳಿಸೋ ಮೊದಲು ಯಾರ್ಡ್‌ಗೆ ಹೋಗಿ ಕಾರು ನೋಡಿ. ತಯಾರಾದ ತಿಂಗಳು ನೋಡಿ, 15 ಆಂಪ್ ಚಾರ್ಜರ್‌ನಲ್ಲಿ ಹತ್ತು ನಿಮಿಷ, ಡಿಸಿ ಫಾಸ್ಟ್ ಚಾರ್ಜರ್‌ನ ಗನ್‌ನಲ್ಲಿ ಹತ್ತು ನಿಮಿಷ ಚಾರ್ಜ್ ಹಾಕಿಸಿ. ಮನೆ ಸಾಕೆಟ್‌ನ ಎಸಿ ಕರೆಂಟ್ ತಗೊಂಡು ಫಾಸ್ಟ್ ಚಾರ್ಜರ್‌ನ ಡಿಸಿ ತಗೊಳ್ಳದ ಕಾರು ಅಪರೂಪಕ್ಕೆ ಸಿಕ್ಕಿಬಿಡುತ್ತೆ, ಅದು ನಿಮಗೆ ಗೊತ್ತಾಗೋದು ಮೊದಲ ಲಾಂಗ್ ಡ್ರೈವ್‌ನಲ್ಲಿ. ಸ್ಪೇರ್ ವೀಲ್ ಇದೆಯಾ, ಬರೀ ಪಂಕ್ಚರ್ ಕಿಟ್ ಇದೆಯಾ ಅಂತ ಡಿಕ್ಕಿ ತೆಗೆಸಿ ನೋಡಿ. ನಂಬರ್ ಬಿದ್ದ ಮೇಲೆ ಏನೇ ಸಿಕ್ಕರೂ ಬದಲಿ ಕಾರು ಕೊಡಲ್ಲ, ರಿಪೇರಿ ಮಾಡಿಕೊಡ್ತಾರೆ ಅಷ್ಟೇ.