ಮೊದಲು ಬಿಟ್ಟು ಬಾ ಎನ್ನುವ ಆಸ್ಪತ್ರೆ

ಶ್ರೀನಿವಾಸಪುರದಲ್ಲಿ ಚಿಕ್ಕಪ್ಪನ ಮಗಳ ಬೀಗರೂಟಕ್ಕೆ ಹೋಗಿದ್ದಾಗ, ಕೋಲಾರದಲ್ಲಿ ನನ್ನೊಂದಿಗೆ ನರ್ಸಿಂಗ್ ಓದಿ ಈಗ ಜಿಲ್ಲೆಯ ಬೇರೆ ಬೇರೆ ಆಸ್ಪತ್ರೆಗಳಲ್ಲಿರುವ ಕೆಲವರು ಒಂದೇ ಪಂಕ್ತಿಯಲ್ಲಿ ಸಿಕ್ಕರು. ಚಂಡೀಗಢದಲ್ಲಿನ ನನ್ನ ಕೆಲಸದ ಬಗ್ಗೆ ಕೇಳಿದರು. ಒಬ್ಬರ ಸೂಜಿಯನ್ನು ಇನ್ನೊಬ್ಬರು ಬಳಸಿ ಎಚ್‌ಐವಿ ಹರಡದಿರಲೆಂದು, ಆ ಕಡೆ ಮಾದಕವಸ್ತು ಚುಚ್ಚಿಕೊಳ್ಳುವವರಿಗೆ ಸ್ವಯಂಸೇವಾ ಸಂಸ್ಥೆಗಳ ಮೂಲಕ ಹೊಸ ಸೂಜಿ ಕೊಡುತ್ತಾರೆ ಎಂದೆ. “ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯ್ತಲ್ಲಪ್ಪಾ, ನಮ್ಮೂರಿಗೆ ಅದೆಲ್ಲ ಬೇಡ” ಎಂದರು ಹಿರಿಯ ಸಿಸ್ಟರ್ ಒಬ್ಬರು. ಉಳಿದವರೂ ತಲೆಯಾಡಿಸಿದರು. ಹೊರಗಿನವರು ಅಂದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಪಂಜಾಬ್ ಸರ್ಕಾರ 2017ರಲ್ಲಿ ಆರಂಭಿಸಿದ ಹೊರರೋಗಿ ಚಿಕಿತ್ಸಾ ಕೇಂದ್ರಗಳಲ್ಲಿ ಒಂದನ್ನು ನಾನು ಮೊಹಾಲಿಯಲ್ಲಿ ನೋಡಿದ್ದೇನೆ. ಅಲ್ಲಿ ಹೆರಾಯಿನ್ ಚಟಕ್ಕೆ ಸಿಕ್ಕವರಿಗೆ ಬುಪ್ರೆನಾರ್ಫಿನ್ ಮತ್ತು ನಲೊಕ್ಸೋನ್ ಸೇರಿದ ಮಾತ್ರೆಯನ್ನು ಉಚಿತವಾಗಿ ನಾಲಿಗೆಯಡಿ ಇರಿಸಿ, ಅದು ಕರಗುವವರೆಗೂ ಸಿಬ್ಬಂದಿ ಎದುರಿಗೇ ಇರುತ್ತಾರೆ. ಬುಪ್ರೆನಾರ್ಫಿನ್ ಮೆದುಳಿನಲ್ಲಿ ಹೆರಾಯಿನ್ ಹಿಡಿಯುವ ಜಾಗವನ್ನೇ ಹಿಡಿದು, ಹೆರಾಯಿನ್ ಸಿಗದಾಗ ಬರುವ ನಡುಕವನ್ನೂ ಹಂಬಲವನ್ನೂ ಅಡಗಿಸುತ್ತದೆ. ಜೊತೆಗಿರುವ ನಲೊಕ್ಸೋನ್ ನಾಲಿಗೆಯಡಿ ಹೆಚ್ಚೇನೂ ಮಾಡದಿದ್ದರೂ, ಮಾತ್ರೆಯನ್ನು ಕರಗಿಸಿ ಚುಚ್ಚಿಕೊಂಡರೆ ಆ ನಡುಕವನ್ನೇ ಮರಳಿ ತರುತ್ತದೆ.

ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರೆಗಿಂತ ಹೆಚ್ಚಾಗಿ ಅದನ್ನು ಕೊಡುತ್ತಿದ್ದವರ ನಡವಳಿಕೆ. ಕೆಲವು ದಿನ ನಾಪತ್ತೆಯಾಗಿ ಮತ್ತೆ ಬಂದ ಟ್ರಕ್ ಚಾಲಕನೊಬ್ಬನನ್ನು ಅಲ್ಲಿನ ನರ್ಸ್ ಬಯ್ಯಲಿಲ್ಲ. ಕೊನೆಯ ಬಾರಿ ಏನು ತೆಗೆದುಕೊಂಡೆ, ಯಾವಾಗ ಎಂದಷ್ಟೇ ಕೇಳಿದರು, ಏಕೆಂದರೆ ಹೆರಾಯಿನ್ ದೇಹದಲ್ಲಿರುವಾಗಲೇ ಬುಪ್ರೆನಾರ್ಫಿನ್ ಕೊಟ್ಟರೆ ಸಂಕಟ ಹೆಚ್ಚುತ್ತದೆ. ತೋಳು ನೋಡಿದರು, ಸ್ವಲ್ಪ ಹೊತ್ತು ಕೂರಿಸಿದರು, ಚೀಟಿಯನ್ನು ಮುಂದುವರಿಸಿದರು. ಅವನು ಮತ್ತೆ ಚುಚ್ಚಿಕೊಂಡಿದ್ದನ್ನು ಯಾರೂ ತಮಗೆ ಬಗೆದ ದ್ರೋಹವೆಂದು ತಿಳಿಯಲಿಲ್ಲ.

ನಮ್ಮ ಬೀದಿಯ ಹುಡುಗನೊಬ್ಬ ನೋವಿನ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಂಡು, ಕೀವು ತುಂಬಿದ ತೋಳಿನೊಂದಿಗೆ ಕೋಲಾರ ಜಿಲ್ಲೆಯ ಆಸ್ಪತ್ರೆಯೊಂದಕ್ಕೆ ಹೋಗಿದ್ದ. “ಮೊದಲು ಆ ಚಟ ಬಿಟ್ಟು ಬಾ, ಆಮೇಲೆ ನೋಡೋಣ” ಎಂದು, ಅವನ ತಾಯಿಯ ಎದುರಿಗೇ ಹೇಳಿ ಕಳುಹಿಸಿದರಂತೆ. ಅಂದಿನಿಂದ ಅವನು ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ. ಗಾಯಕ್ಕೆ ಮೆಡಿಕಲ್ ಶಾಪಿನ ಮುಲಾಮು, ಸೂಜಿಗೆ ಗೆಳೆಯರ ಗುಂಪು. ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಹರಡುವ ಹಾದಿಯನ್ನು ಬಲ್ಲ ನಾವೇ ಅವನನ್ನು ಆ ಹಾದಿಗೆ ಬಿಟ್ಟು ಬಂದಿದ್ದೇವೆ.

ಕ್ಷಯದ ಮಾತ್ರೆಯನ್ನು ನಡುವೆ ನಿಲ್ಲಿಸಿದವನ ಮನೆಗೆ ಇದೇ ಜಿಲ್ಲೆಯ ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ನಡೆದು ಹೋಗಿ, ಪುಸಲಾಯಿಸಿ ಮತ್ತೆ ಚಿಕಿತ್ಸೆಗೆ ಕರೆತರುತ್ತಾರೆ. ಆದ್ದರಿಂದ ನಮ್ಮವರಿಗೆ ಕರುಣೆ ಇಲ್ಲವೆಂದು ನಾನು ಒಪ್ಪಲಾರೆ. ಆ ಕರುಣೆ ಚಟದವನ ಮುಂದೆ ಮಾತ್ರ ಏಕೆ ನಿಂತುಬಿಡುತ್ತದೆ ಎಂಬುದೇ ನನ್ನ ಸಂಕಟ. ಪೊಲೀಸ್ ಕೇಸಿನ ಭಯವನ್ನೂ ಕೆಲವರು ಹೇಳಿದರು. ಎಚ್‌ಐವಿ ತಡೆಗೆ ಹೊಸ ಸೂಜಿ ಕೊಡುವಂಥ ಕ್ರಮಗಳು ಅಪರಾಧವಲ್ಲವೆಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 22ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ದೇಶದಲ್ಲಿ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ ಎಂದು 2019ರ ರಾಷ್ಟ್ರೀಯ ಸಮೀಕ್ಷೆ ಅಂದಾಜಿಸಿತ್ತು. ಅವರೆಲ್ಲ ಪಂಜಾಬಿನವರೇ ಅಲ್ಲ.

ಪಂಜಾಬಿನಲ್ಲೂ ಎಲ್ಲವೂ ಸರಿಯಿಲ್ಲವೆಂದು ಒಪ್ಪಲೇಬೇಕು. ಕೆಲವರಿಗೆ ಮನೆಗೆಂದು ಕೊಟ್ಟ ಮಾತ್ರೆ ಹೊರಗೆ ಮಾರಾಟವಾಗುವುದುಂಟು, ಒಂದು ಚಟದ ಬದಲು ಇನ್ನೊಂದನ್ನು ಕೊಡುತ್ತಿದ್ದೇವೆಂದು ಬೇಸರಿಸುವ ವೈದ್ಯರೂ ಅಲ್ಲಿದ್ದಾರೆ. ಮೊಹಾಲಿಯಲ್ಲಿ ನಾನು ಕಂಡದ್ದೂ ಎಷ್ಟೋ ಮನೆಗಳು ಮಕ್ಕಳನ್ನು ಕಳೆದುಕೊಂಡ ಮೇಲೆ ಬಂದ ತಾಳ್ಮೆ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬರೇ ನೋಡುವ ನಮ್ಮೂರ ಸಿಸ್ಟರ್‌ಗೆ ಅದೇ ತಾಳ್ಮೆ ಇರಲಿ ಎನ್ನುವುದು ದೂರದಲ್ಲಿರುವ ನನಗೆ ಸುಲಭ ಎಂಬುದೂ ನಿಜವೇ. ಆದರೂ ನಾನು ಕೇಳುತ್ತಿರುವುದು ನಾಳೆಯೇ ಸೂಜಿ ಹಂಚಿ ಎಂದಲ್ಲ. ತೋಳಿನ ಕೀವು ತೆಗೆದು, ಡ್ರೆಸ್ಸಿಂಗ್ ಮಾಡಿ, ರಕ್ತಪರೀಕ್ಷೆಗೆ ಬರೆದುಕೊಟ್ಟು, ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರ ಬಳಿಗೆ ಆ ಹುಡುಗನನ್ನು ಕಳುಹಿಸಲು ಹೊಸ ಕಟ್ಟಡವೂ ಬೇಡ, ಹೊಸ ಆದೇಶವೂ ಬೇಡ.