ಸೂತ್ರಕ್ಕಿಂತ ಮೊದಲು ಐದು ಚೀಟಿ ಕೊಡ್ರಿ

ಪದವಿ ಹುಡುಗರಿಗೆ ಸ್ಟ್ಯಾಟಿಸ್ಟಿಕ್ಸ್ ಕಲಿಸುವವರಲ್ಲಿ ಒಂದು ವಿನಂತಿ. ಸರಾಸರಿಯ ಸ್ಯಾಂಪ್ಲಿಂಗ್ ಡಿಸ್ಟ್ರಿಬ್ಯೂಷನ್ ಪಾಠವನ್ನು ಬೋರ್ಡ್ ಮೇಲೆ ಸೂತ್ರ ಬರೆದು ಶುರು ಮಾಡಬ್ಯಾಡ್ರಿ. ರಾಯಚೂರು, ಸಿಂಧನೂರು, ಗಂಗಾವತಿ ಕಡೆಯ ಹುಡುಗರಿಗೆ ಭತ್ತದ ಚೀಲ ಗೊತ್ತು, ತೇವಾಂಶ ಹೆಚ್ಚಾದರೆ ರೇಟು ಬೀಳ್ತದೆ ಅನ್ನೋದೂ ಗೊತ್ತು. ಅಲ್ಲಿಂದ ಹಿಡೀರಿ.

ಐದು ಚೀಲ ಇವೆ ಅಂತ ಇಟ್ಟುಕೊಳ್ಳೋಣ. ತೇವಾಂಶ ಶೇಕಡಾ 12, 13, 14, 16, 20. ಸರಾಸರಿ 15, ವೇರಿಯನ್ಸ್ (ಪ್ರತಿ ಅಂಕಿ ಸರಾಸರಿಯಿಂದ ಎಷ್ಟು ದೂರವೋ ಅದರ ವರ್ಗಗಳ ಸರಾಸರಿ) 8. ಐದನ್ನೂ ಚೀಟಿಯಲ್ಲಿ ಬರೆದು, ಎರಡೆರಡು ಎತ್ತಿ ಸರಾಸರಿ ಹಾಕಿಸ್ರಿ. ಇರೋದೇ ಹತ್ತು ಜೋಡಿ: 12.5, 13, 13.5, 14, 14.5, 15, 16, 16.5, 17, 18. ಈ ಹತ್ತು ಅಂಕಿಯ ಹರವೇ ಸ್ಯಾಂಪ್ಲಿಂಗ್ ಡಿಸ್ಟ್ರಿಬ್ಯೂಷನ್. ಇವುಗಳ ಸರಾಸರಿಯೂ 15. ಆದರೆ 20ರ ತನಕ ಚಾಚಿದ್ದು 18ಕ್ಕೇ ನಿಂತಿತು. ಹಸಿ ಚೀಲ ಕೈಗೆ ಬಂದರೂ ಜೊತೆಗೆ ಬಂದ ಒಣ ಚೀಲ ಅದನ್ನು ಕೆಳಕ್ಕೆ ಜಗ್ಗುತ್ತದೆ.

ಈಗ ಈ ಹತ್ತರ ವೇರಿಯನ್ಸ್ ಹಾಕಿಸ್ರಿ. 3 ಬರ್ತದೆ. ಸೂತ್ರದ ಲೆಕ್ಕಕ್ಕೆ ರಾಶಿಯ ವೇರಿಯನ್ಸ್ 8ನ್ನು ಸ್ಯಾಂಪಲ್ಲಿನ ಗಾತ್ರ 2ರಿಂದ ಭಾಗಿಸಿ 4 ಬರಬೇಕಿತ್ತಲ್ಲ? ಇದನ್ನು ಮುಚ್ಚಿಟ್ಟು ಮುಂದೆ ಹೋಗಬ್ಯಾಡ್ರಿ, ಪಾಠದ ಜೀವ ಇರೋದೇ ಇಲ್ಲಿ. ಮೊದಲ ಚೀಟಿ ವಾಪಸ್ ಹಾಕಿ ಎರಡನೆಯದು ಎತ್ತಿದರೆ 25 ಜೋಡಿ ಆಗ್ತವೆ, ವೇರಿಯನ್ಸ್ ಕರಾರುವಾಕ್ಕಾಗಿ 4. ವಾಪಸ್ ಹಾಕದಿದ್ದರೆ 5ರಲ್ಲಿ 2 ಕಳೆದದ್ದನ್ನು 5ರಲ್ಲಿ 1 ಕಳೆದದ್ದರಿಂದ ಭಾಗಿಸಿ, ಆ ಮುಕ್ಕಾಲಿನಿಂದ 4ನ್ನು ಗುಣಿಸಬೇಕು. ಸಾವಿರ ಚೀಲದಲ್ಲಿ ಹತ್ತು ಎತ್ತುವಾಗ ಈ ಗುಣಕ 0.99, ಬಿಟ್ಟರೂ ನಡೀತದೆ.

ಇನ್ನೊಂದು ಮಾತು ಬಹಳ ಕಾಡ್ತದೆ: ‘ಸ್ಯಾಂಪಲ್ 30 ದಾಟಿದರೆ ಡೇಟಾ ನಾರ್ಮಲ್ (ನಡುವೆ ಉಬ್ಬಿ ಎರಡೂ ಕಡೆ ಸಮನಾಗಿ ಇಳಿಯುವ ಗಂಟೆ ಆಕಾರ) ಆಗ್ತದೆ.’ ಇಲ್ಲ. ಡೇಟಾ ಎಷ್ಟೇ ಕೂಡಿಸಿದರೂ ಮೂಲ ರಾಶಿ ಹೇಗೆ ವಾಲಿದೆಯೋ ಹಾಗೇ ವಾಲಿರ್ತದೆ. ನಾರ್ಮಲ್ ಕರ್ವ್ ಕಡೆಗೆ ಸರಿಯೋದು ಸರಾಸರಿಗಳ ಹರವು. 30 ಅನ್ನೋದೂ ಗೆರೆ ಕೊರೆದ ನಿಯಮ ಅಲ್ಲ. ವಾಲಿಕೆಯ ಅಳತೆ (ಸ್ಕ್ಯೂನೆಸ್, ಎರಡೂ ಕಡೆ ಸಮ ಇದ್ದರೆ 0) 2 ಇರುವ ರಾಶಿಯಿಂದ 30ರ ಸ್ಯಾಂಪಲ್ ತೆಗೆದರೆ, ಸರಾಸರಿಯ ವಾಲಿಕೆ 2 ಭಾಗಿಸು ವರ್ಗಮೂಲ 30, ಸುಮಾರು 0.37. ಇನ್ನೂ ಉಳಿದೇ ಇದೆ.

ಸ್ಟ್ಯಾಂಡರ್ಡ್ ಎರರ್ (ಸರಾಸರಿಗಳ ವೇರಿಯನ್ಸಿನ ವರ್ಗಮೂಲ) ಅರ್ಧ ಆಗಬೇಕಾದರೆ 25 ಚೀಲದ ಬದಲು 50 ಸಾಲದು, 100 ಬೇಕು. ಅವೂ ಬೇರೆ ಬೇರೆ ಚೀಲ ಇರಬೇಕು, ಲಾರಿಯ ಮೇಲೂ ಕೆಳಗೂ ನಡುವೆಯೂ ಚೀಟಿ ಎತ್ತಿ ಆರಿಸಿದ್ದಿರಬೇಕು. ಒಂದೇ ಚೀಲಕ್ಕೆ ನೂರು ಸಲ ತೇವಾಂಶದ ಮೀಟರ್ ಹಿಡಿದು, ಆ ಅಳತೆಗಳ ವೇರಿಯನ್ಸಿನ ವರ್ಗಮೂಲವನ್ನು ವರ್ಗಮೂಲ 100ರಿಂದ ಭಾಗಿಸಿದರೆ ಸಿಗೋ ಸಣ್ಣ ಅಂಕಿ ಆ ಒಂದು ಚೀಲದ್ದು. ಉಳಿದ ಲೋಡಿನ ಬಗ್ಗೆ ಅದು ಏನನ್ನೂ ಹೇಳಲ್ಲ.